ನಮ್ಮೂರ ದೊಡ್ಡ ದವಾಖಾನೆಯ ಚರಿತ್ರೆ ಬರೆಯೋದು ಹೇಗೆ

ಆಸ್ಪತ್ರೆಗೆ ಐವತ್ತು ತುಂಬಿತು ಅಂದರೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಮೊದಲ ಇಪ್ಪತ್ತು ಪುಟ ಮಂತ್ರಿಗಳು, ಶಾಸಕರು, ಸ್ವಾಮೀಜಿಗಳ ಶುಭ ಸಂದೇಶ. ಆಮೇಲೆ ಆಡಳಿತ ಮಂಡಳಿಯ ಗ್ರೂಪ್ ಫೋಟೊ. ನಡುವೆ ಎಲ್ಲೋ ಒಂದೂವರೆ ಪುಟ ‘ನಡೆದು ಬಂದ ದಾರಿ’. ಕಟ್ಟಡ ಯಾವಾಗ ಎದ್ದಿತು, ಯಾರು ಉದ್ಘಾಟನೆ ಮಾಡಿದರು, ಈಗ ಎಷ್ಟು ಹಾಸಿಗೆ ಇವೆ. ಮುಗಿಯಿತು. ಆಸ್ಪತ್ರೆ ಬಂದದ್ದರಿಂದ ಊರಿನ ಜನಕ್ಕೆ ಏನಾಯಿತು ಅಂತ ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಾದರೂ ತಮ್ಮೂರ ಆಸ್ಪತ್ರೆಯ ಚರಿತ್ರೆ ಬರೆಯಲು ಕೂತಿದ್ದರೆ, ಅಥವಾ ಕಾಲೇಜಿನಲ್ಲಿ ಪ್ರಾಜೆಕ್ಟ್ ಅಂತ ತಲೆಗೆ ಕಟ್ಟಿದ್ದರೆ, ಇದು ಅವರಿಗಾಗಿ. ಉದಾಹರಣೆಗಳು ಹೆಚ್ಚಾಗಿ ಕಲಬುರಗಿಯವು. ಕೆಲಸದ ರೀತಿ ಮಾತ್ರ ಎಲ್ಲ ಕಡೆ ಅದೇ.

ಮೊದಲು ಒಂದು ಪ್ರಶ್ನೆ ಇಟ್ಟುಕೊಳ್ಳಿ

‘ಇದು ಇಲ್ಲದಾಗ ಪೇಷಂಟನ್ನ ಎಲ್ಲಿಗೆ ಒಯ್ಯುತ್ತಿದ್ದರು?’ ಇದೊಂದು ಪ್ರಶ್ನೆ ಸಾಕು. ಪ್ರತಿ ವಾರ್ಡಿಗೂ, ಪ್ರತಿ ಮಷೀನಿಗೂ ಇದನ್ನೇ ಕೇಳುತ್ತಾ ಹೋಗಿ.

ನಮ್ಮ ಭಾಗದಲ್ಲಿ ಉತ್ತರಗಳು ಮೂರು ನಾಲ್ಕೇ. ಸೊಲ್ಲಾಪುರ, ಹೈದರಾಬಾದ್, ಮೀರಜ್. ಕೈಯಲ್ಲಿ ದುಡ್ಡು ಅಥವಾ ಬೆಂಗಳೂರಿನಲ್ಲಿ ಸಂಬಂಧಿಕರು ಇದ್ದರೆ ಬೆಂಗಳೂರು. ಕಲಬುರಗಿಯಿಂದ ಸೊಲ್ಲಾಪುರ ನೂರು ಕಿಲೋಮೀಟರ್ ಚಿಲ್ಲರೆ, ಹೈದರಾಬಾದ್ ಇನ್ನೂರು ಚಿಲ್ಲರೆ, ಬೆಂಗಳೂರು ಹತ್ತಿರ ಹತ್ತಿರ ಆರುನೂರು. ಸ್ವಂತ ರಾಜಧಾನಿಗಿಂತ ಪಕ್ಕದ ಎರಡು ರಾಜ್ಯಗಳ ಆಸ್ಪತ್ರೆಗಳೇ ನಮಗೆ ಹತ್ತಿರ, ಈಗಲೂ. ‘ಹೈದ್ರಾಬಾದಿಗೆ ಒಯ್ರಿ’ ಅಂತ ಡಾಕ್ಟರ್ ಅಂದಮೇಲೆ ಹೊಲ ಅಡವಿಟ್ಟ ಮನೆ ಪ್ರತಿ ಓಣಿಯಲ್ಲೂ ಒಂದಿರುತ್ತದೆ. ಆ ಮನೆಯವರ ಲೆಕ್ಕ ಸ್ಮರಣ ಸಂಚಿಕೆಯಲ್ಲಿ ಬರುವುದಿಲ್ಲ, ನಿಮ್ಮ ಬರಹದಲ್ಲಿ ಬರಬೇಕು.

2020ರ ಮಾರ್ಚ್ ನೆನಪಿದೆ ಅಲ್ವಾ? ದೇಶದಲ್ಲಿ ಕೊರೊನಾದಿಂದ ತೀರಿಕೊಂಡ ಮೊದಲ ವ್ಯಕ್ತಿ ಕಲಬುರಗಿಯವರು, 76 ವರ್ಷದ ಹಿರಿಯರು. ಅವರನ್ನೂ ಹೈದರಾಬಾದಿಗೆ ಒಯ್ದು, ಅಲ್ಲಿಂದ ವಾಪಸ್ ಕರೆತರುವಾಗ, ಮಾರ್ಚ್ 10ರಂದು ಪ್ರಾಣ ಹೋಯಿತು. ಅಷ್ಟು ಹೊತ್ತಿಗೆ ಊರಲ್ಲಿ ನಾಲ್ಕು ಮೆಡಿಕಲ್ ಕಾಲೇಜುಗಳಿದ್ದವು. ಆದರೂ ಮನೆಯವರ ಕಾಲು ಹೈದರಾಬಾದ್ ದಾರಿಯನ್ನೇ ಹಿಡಿಯಿತು. ಯಾಕೆ? ಈ ಯಾಕೆಗೆ ಉತ್ತರ ಹುಡುಕುವುದೇ ನಿಜವಾದ ಚರಿತ್ರೆ. ಹಾಸಿಗೆ ಎಷ್ಟು ಬೆಳೆದವು ಅನ್ನೋದು ಅರ್ಧ ಕಥೆ, ಜನರ ನಂಬಿಕೆ ಎಷ್ಟು ಬೆಳೆಯಿತು ಅನ್ನೋದು ಇನ್ನರ್ಧ.

ಯಾವ ಆಸ್ಪತ್ರೆ ಅಂತ ಗಟ್ಟಿ ಮಾಡಿಕೊಳ್ಳಿ

ಸುಮ್ನೆ ‘ಕಲಬುರಗಿ ಆಸ್ಪತ್ರೆ’ ಅಂತ ಶುರು ಮಾಡಿದರೆ ಎಲ್ಲಾ ಕಲಸಿಹೋಗುತ್ತದೆ. ಸೇಡಂ ರಸ್ತೆಯೊಂದನ್ನೇ ನೋಡಿ. ಸರ್ಕಾರಿ ಜಿಲ್ಲಾಸ್ಪತ್ರೆ, ಅಂದರೆ ಈಗಿನ ಜಿಮ್ಸ್ (ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ), ಅಲ್ಲಿದೆ. ಇ.ಎಸ್.ಐ.ಸಿ.ಯ, ಅಂದರೆ ಕೇಂದ್ರ ಕಾರ್ಮಿಕ ಇಲಾಖೆಯ ಕೆಳಗಿನ ನೌಕರರ ರಾಜ್ಯ ವಿಮಾ ನಿಗಮದ, ದೊಡ್ಡ ಕ್ಯಾಂಪಸ್ ಅದೇ ರಸ್ತೆಯಲ್ಲಿದೆ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯವರ ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜು, ಅದಕ್ಕೆ ಸೇರಿದ ಬಸವೇಶ್ವರ ಆಸ್ಪತ್ರೆ ಕೂಡ ಅದೇ ಕಡೆ. ಇವೆಲ್ಲ ಬೇರೆ ಬೇರೆ ಕೈಯಲ್ಲಿ, ಬೇರೆ ಬೇರೆ ದುಡ್ಡಿನಲ್ಲಿ ಬೆಳೆದವು.

ಕಾಲೇಜುಗಳ ಸಾಲು ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ರಾಂಪುರೆ ಕಾಲೇಜು 1963ರದ್ದು. ಖಾಜಾ ಬಂದಾನವಾಜ್ ಮೆಡಿಕಲ್ ಕಾಲೇಜು 2000ದ್ದು. ಸರ್ಕಾರಿ ಜಿಮ್ಸ್ ಮತ್ತು ಇ.ಎಸ್.ಐ.ಸಿ. ಕಾಲೇಜು ಎರಡೂ 2013ರವು. ಬೀದರಿನ ಬ್ರಿಮ್ಸ್ 2007, ಯಾದಗಿರಿಯ ಯಿಮ್ಸ್ 2022. ಅಂದರೆ ಕಲಬುರಗಿಯಲ್ಲಿ ಮೆಡಿಕಲ್ ಕಾಲೇಜು ಕಟ್ಟೋಣ ಅಂತ ಊರಿನ ಜನರೇ ಸೇರಿ ಹೊರಟು, ಸರ್ಕಾರದ್ದೊಂದು ಕಾಲೇಜು ಬರುವುದಕ್ಕೆ ಅರ್ಧ ಶತಮಾನ ಹಿಡಿಯಿತು. ನಿಮ್ಮ ಆಸ್ಪತ್ರೆ ಈ ಸಾಲಿನಲ್ಲಿ ಎಲ್ಲಿ ಬರುತ್ತದೆ ಅಂತ ನೋಡಿಕೊಳ್ಳಿ.

ಇ.ಎಸ್.ಐ.ಸಿ. ಕ್ಯಾಂಪಸ್ ಯಾಕೆ ಇಲ್ಲಿ ಬಂತು ಅಂತ ಕೇಳಿದರೆ ಊರಲ್ಲಿ ಯಾರು ಬೇಕಾದರೂ ಹೇಳುತ್ತಾರೆ: 2009ರಿಂದ 2013ರವರೆಗೆ ಕೇಂದ್ರ ಕಾರ್ಮಿಕ ಸಚಿವರಾಗಿದ್ದವರು ಇಲ್ಲಿನ ಸಂಸದ ಮಲ್ಲಿಕಾರ್ಜುನ ಖರ್ಗೆ. ಇದನ್ನ ಬರೆಯೋಕೆ ಕೆಲವರು ಹಿಂಜರಿಯುತ್ತಾರೆ, ಇನ್ನು ಕೆಲವರು ಇದನ್ನಷ್ಟೇ ಬರೆಯುತ್ತಾರೆ. ಎರಡೂ ಬೇಡ. ಯಾವ ಇಲಾಖೆಯ ದುಡ್ಡು, ಯಾವ ವರ್ಷ, ಯಾರಿಗೆ ಅನುಕೂಲ ಆಯಿತು ಅಂತ ನೇರವಾಗಿ ಬರೆಯಿರಿ, ಸಾಕು.

ಆಮೇಲೆ ಹೆಸರುಗಳು. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ಆನ್‌ಲೈನಿನಲ್ಲಿ ಕಲಬುರಗಿ ಅಂತ ಮಾತ್ರ ಹುಡುಕಿದರೆ ಹಳೆಯದೇನೂ ಸಿಗುವುದಿಲ್ಲ. ಗುಲ್ಬರ್ಗಾ, ಗುಲಬರ್ಗಾ, ಕುಲ್ಬರ್ಗಾ, ಕಲಬುರ್ಗಿ, ಎಲ್ಲಾ ಹಾಕಿ ನೋಡಿ, ಇಂಗ್ಲಿಷ್ ಅಕ್ಷರದಲ್ಲೂ ಉರ್ದುವಿನಲ್ಲೂ. ಆಸ್ಪತ್ರೆ ಮುಖ್ಯಸ್ಥರ ಹುದ್ದೆಯ ಹೆಸರೂ ಬದಲಾಗುತ್ತಾ ಬಂದಿದೆ. ಹಳೇ ಕಾಗದದಲ್ಲಿ ಸಿವಿಲ್ ಸರ್ಜನ್, ಆಮೇಲೆ ಜಿಲ್ಲಾ ಶಸ್ತ್ರಚಿಕಿತ್ಸಕರು, ಈಗ ಮೆಡಿಕಲ್ ಸೂಪರಿಂಟೆಂಡೆಂಟ್.

ನಿಜಾಮರ ಕಾಲದ ಕಾಗದ

ನಮ್ಮ ಮೂರೂ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಹಳೇ ಆಸ್ಪತ್ರೆಯ ದಾಖಲೆ ಹುಡುಕಿಕೊಂಡು ಬೆಂಗಳೂರಿಗೆ ಹೋದರೆ ಬಸ್ ಚಾರ್ಜು ದಂಡ. ಹೋಗಬೇಕಾದ್ದು ಹೈದರಾಬಾದಿಗೆ. ಅಲ್ಲಿ ತಾರ್ನಾಕಾದಲ್ಲಿ ರಾಜ್ಯ ಪತ್ರಾಗಾರ ಇದೆ. ಸಂಸ್ಥಾನದ ಕಡತಗಳು ಅಲ್ಲಿವೆ. ಹೆಚ್ಚಿನವು ಉರ್ದು, ಇನ್ನೂ ಹಳೆಯವು ಫಾರ್ಸಿ.

ಆದರೆ ಮೊದಲ ದಿನವೇ ಅಲ್ಲಿಗೆ ಓಡಬೇಡಿ. ಮನೆಯಲ್ಲಿ ಕೂತು ಓದುವಂಥದ್ದು ಬೇಕಾದಷ್ಟಿದೆ. 1908-09ರಲ್ಲಿ ಬಂದ ಇಂಪೀರಿಯಲ್ ಗೆಜೆಟಿಯರ್ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಗುಲ್ಬರ್ಗಾ, ಬೀದರ್ ಎರಡಕ್ಕೂ ಅದರಲ್ಲಿ ಪ್ರತ್ಯೇಕ ಟಿಪ್ಪಣಿ ಇದೆ. ನಿಜಾಮರ ಸರ್ಕಾರ ಇಂಗ್ಲಿಷಿನಲ್ಲಿ ಆಡಳಿತ ವರದಿಗಳನ್ನ ಅಚ್ಚು ಹಾಕಿಸುತ್ತಿತ್ತು. ಅದರ ವೈದ್ಯಕೀಯ ಇಲಾಖೆಯ ಭಾಗ ತೆರೆದು ನೋಡಿ. ಸ್ವಾತಂತ್ರ್ಯದ ನಂತರದ್ದಕ್ಕೆ 1966ರ ಗುಲ್ಬರ್ಗಾ ಜಿಲ್ಲಾ ಗೆಜೆಟಿಯರ್, 1977ರ ಬೀದರ್ ಜಿಲ್ಲಾ ಗೆಜೆಟಿಯರ್. ಎರಡರಲ್ಲೂ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ ಮೇಲೆ ಒಂದು ಪೂರ್ತಿ ಅಧ್ಯಾಯ ಇದೆ. ಅದನ್ನ ಜೆರಾಕ್ಸ್ ಮಾಡಿ ಕೈಯಲ್ಲಿ ಇಟ್ಟುಕೊಂಡೇ ಮುಂದಿನ ಕೆಲಸಕ್ಕೆ ಇಳಿಯಿರಿ.

ನಿಜಾಮರ ಕಾಗದ ಓದುವಾಗ ಎರಡು ಕಡೆ ಕಾಲು ಜಾರುತ್ತದೆ. ಒಂದು, ಇಸವಿ. ಅಲ್ಲಿ ಲೆಕ್ಕ ಫಸಲಿಯಲ್ಲಿ, ಅಂದರೆ ಸಂಸ್ಥಾನದ ಕಂದಾಯದ ವರ್ಷದಲ್ಲಿ. ಫಸಲಿ ವರ್ಷ ಅಕ್ಟೋಬರ್ ಮೊದಲ ವಾರ, ಆಜೂರ್ ತಿಂಗಳಿಂದ ಶುರು. ಫಸಲಿಗೆ 590 ಕೂಡಿಸಿದರೆ ಆ ವರ್ಷದ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಇಸವಿ, ಜನವರಿ ದಾಟಿದರೆ 591. ಉದಾಹರಣೆಗೆ 1348 ಫಸಲಿ ಅಂದರೆ 1938ರ ಅಕ್ಟೋಬರಿನಿಂದ 1939ರ ಅಕ್ಟೋಬರ್‌ವರೆಗೆ. ಕಲ್ಲಿನ ಮೇಲೆ 13ರಿಂದ ಶುರುವಾಗುವ ಇಸವಿ ಕಂಡರೆ ಅದು ಹಿಜರಿಯೋ ಫಸಲಿಯೋ ಅಂತ ಮೊದಲು ನೋಡಿ. ಫಸಲಿಯನ್ನ ಹಿಜರಿ ಅಂತ ಓದಿದರೆ ನಿಮ್ಮ ಆಸ್ಪತ್ರೆ ಎಂಟೊಂಬತ್ತು ವರ್ಷ ಮೊದಲೇ ಹುಟ್ಟಿಬಿಡುತ್ತದೆ!

ಇನ್ನೊಂದು, ದುಡ್ಡು. ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ಜನ ಕಲ್ದಾರ್ ಅನ್ನುತ್ತಿದ್ದರು. ಸುಮಾರಾಗಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ದಾನಿಗಳ ಕಲ್ಲಿನಲ್ಲೋ ವರದಿಯಲ್ಲೋ ಮೊತ್ತ ಕಂಡರೆ ಅದು ಯಾವ ರೂಪಾಯಿ ಅಂತ ಕೇಳಿಕೊಂಡೇ ಬರೆಯಿರಿ.

ಉರ್ದು ಬರದಿದ್ದರೆ? ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಉರ್ದು ವಿಭಾಗ ಇದೆ, ಅಲ್ಲಿ ಕೇಳಿ. ಅದಕ್ಕಿಂತ ಒಳ್ಳೇ ದಾರಿ, ನಿಮ್ಮ ಓಣಿಯಲ್ಲೇ ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರೊಬ್ಬರನ್ನ ಹಿಡಿಯುವುದು. ಅಚ್ಚಾದ ಉರ್ದು ಬಲ್ಲವರು ಯಾರು ಬೇಕಾದರೂ ಓದುತ್ತಾರೆ. ಕಚೇರಿ ಗುಮಾಸ್ತರ ಓಡುಬರಹ ಓದೋಕೆ ವಯಸ್ಸಾದ ಕಣ್ಣೇ ಬೇಕು. ‘ಚಾಚಾ, ಇದೊಂದ್ ಸ್ವಲ್ಪ ಓದಿ ಹೇಳ್ರಿ’ ಅಂತ ಚಹಾ ತರಿಸಿ ಕೂತರೆ, ಕಾಗದದಲ್ಲಿ ಇಲ್ಲದ್ದೂ ನಾಲ್ಕು ಮಾತು ಬರುತ್ತವೆ.

ಬೀದರ್, ಯಾದಗಿರಿಯವರಿಗೆ ಇನ್ನೊಂದು ದಾರಿ ಇದೆ: ಮಿಷನ್ ಆಸ್ಪತ್ರೆಗಳು. ಬೀದರಿನ ನಾರ್ಮಾ ಫೆಂಡ್ರಿಚ್ ಆಸ್ಪತ್ರೆ, ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಎರಡೂ ಮೆಥೊಡಿಸ್ಟ್ ಮಿಷನ್ನಿನವು. ಹೋಲ್ಸ್ಟನ್ ಅನ್ನೋದು ಅಮೆರಿಕದ ಟೆನೆಸಿ ಕಡೆಯ ಮೆಥೊಡಿಸ್ಟ್ ಸಭೆಯ ಹೆಸರು. ಮಿಷನ್ನಿನವರು ದುಡ್ಡು ಕೊಟ್ಟವರಿಗೆ ವರದಿ ಕಳಿಸಲೇಬೇಕಿತ್ತು, ಹಾಗಾಗಿ ಬರೆದಿಟ್ಟದ್ದು ಜಾಸ್ತಿ. ಅಮೆರಿಕದ ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿ ಮೆಥೊಡಿಸ್ಟರ ಪತ್ರಾಗಾರ ಇದೆ, ಇಮೇಲ್ ಹಾಕಿ ಕೇಳಬಹುದು. ಅವರ ವರದಿಯಲ್ಲಿ ನಮ್ಮ ಜನರ ಬಗ್ಗೆ ಸ್ವಲ್ಪ ಮೇಲಿನಿಂದ ನೋಡಿದ ಮಾತುಗಳಿರುತ್ತವೆ, ಅದನ್ನ ಜರಡಿ ಹಿಡಿದು ಓದಿ.

ಜಿಲ್ಲೆ ಚಿಕ್ಕದಾದದ್ದು ಮರೆಯಬೇಡಿ

ಅಂಕಿ ಸಂಖ್ಯೆ ಹೋಲಿಸುವವರು ಬೀಳುವ ದೊಡ್ಡ ಗುಂಡಿ ಇದು. 1956ಕ್ಕಿಂತ ಮೊದಲಿನ ಗುಲ್ಬರ್ಗಾ ಜಿಲ್ಲೆಯಲ್ಲಿ ತಾಂಡೂರು, ಕೊಡಂಗಲ್ ಇದ್ದವು, ಭಾಷಾವಾರು ವಿಂಗಡಣೆಯಲ್ಲಿ ಅವು ಆಂಧ್ರಕ್ಕೆ ಹೋದವು. ಬೀದರ್ ಜಿಲ್ಲೆಯಿಂದ ಉದಗೀರ್, ನಿಲಂಗಾ, ಅಹಮದ್‌ಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಕಡೆಯ ಭಾಗ ಆಂಧ್ರಕ್ಕೆ. ಆಮೇಲೆ 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಬೇರೆ ಜಿಲ್ಲೆ ಆಯಿತು. ಅಂದರೆ 2008ರ ಗುಲ್ಬರ್ಗಾ ಜಿಲ್ಲೆಯ ಹೆರಿಗೆ ಲೆಕ್ಕದಲ್ಲಿ ಸುರಪುರ, ಶಹಾಪುರ, ಯಾದಗಿರಿ ಎಲ್ಲಾ ಸೇರಿದ್ದವು, 2011ರದ್ದರಲ್ಲಿ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಹೆರಿಗೆ ಕಡಿಮೆಯಾಗಿವೆ’ ಅಂತ ಬರೆದರೆ ಓದಿದವರು ನಗುತ್ತಾರೆ. ಇನ್ನು ‘ಗುಲ್ಬರ್ಗಾ ವಿಭಾಗ’ ಅಂದರೆ ಜಿಲ್ಲೆ ಅಲ್ಲ, ಬಳ್ಳಾರಿ, ರಾಯಚೂರು, ಕೊಪ್ಪಳ ಕೂಡ ಅದರಲ್ಲಿವೆ. ಯಾವ ಅಂಕಿ ಯಾವ ಗಡಿಯದು ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ.

ಕಟ್ಟಡ ಓದುವುದು

ಇದು ನನಗೆ ತುಂಬಾ ಇಷ್ಟವಾದ ಭಾಗ. ದುಡ್ಡು ಬೇಡ, ಅರ್ಜಿ ಬೇಡ, ಒಂದು ಟಾರ್ಚ್ ಸಾಕು.

ಹಳೇ ಬ್ಲಾಕಿಗೆ ಮಧ್ಯಾಹ್ನ ಒಪಿಡಿ ಮುಗಿದ ಮೇಲೆ ಹೋಗಿ. ಮೊದಲು ನೆಲ ನೋಡಿ. ಶಹಾಬಾದ್ ಫರ್ಸಿ ಇದೆಯಾ? ಮುಟ್ಟಿ ನೋಡಿ. ಕಾಲು ಜಾಸ್ತಿ ಓಡಾಡಿದ ಕಡೆ, ಅಂದರೆ ಚೀಟಿ ಮಾಡಿಸುವ ಕಿಟಕಿಯ ಮುಂದೆ, ಡ್ರೆಸಿಂಗ್ ರೂಮಿನ ಬಾಗಿಲಲ್ಲಿ, ಕಲ್ಲು ಸವೆದು ನುಣುಪಾಗಿರುತ್ತದೆ, ಗೋಡೆ ಬದಿಯಲ್ಲಿ ಒರಟಾಗೇ ಇರುತ್ತದೆ. ಈಗ ಸ್ಟೋರ್ ರೂಮ್ ಆಗಿರುವ ಜಾಗದ ಬಾಗಿಲಲ್ಲಿ ಹಾಗೆ ನುಣುಪಾದ ಫರ್ಸಿ ಕಂಡರೆ, ಹಿಂದೆ ಅಲ್ಲಿ ಜನ ಸಾಲು ನಿಲ್ಲುತ್ತಿದ್ದರು ಅಂತಾಯಿತು. ಯಾವ ವಿಭಾಗ ಅಲ್ಲಿತ್ತು ಅಂತ ಆಯಾನನ್ನ ಕೇಳಿ. ಫರ್ಸಿ ಮುಗಿದು ಮೊಸಾಯಿಕ್ ಶುರುವಾದ ಗೆರೆ ಇದೆಯಲ್ಲ, ಅಲ್ಲಿಂದ ಮುಂದಿನದು ಆಮೇಲೆ ಸೇರಿಸಿದ ಕಟ್ಟಡ. ಮೊಸಾಯಿಕ್ ಮುಗಿದು ಹೊಳೆಯುವ ಟೈಲ್ಸ್ ಬಂದರೆ ಅದು ಇನ್ನೂ ಈಚಿನದು. ಹಳೇ ನೆಲದ ಮೇಲೇ ಟೈಲ್ಸ್ ಬಡಿದಿದ್ದರೆ ಹೊಸ್ತಿಲ ಹತ್ತಿರ ಎತ್ತರ ಬೇರೆಯಾಗಿರುತ್ತದೆ, ನೋಡಿ. ಗೋಡೆ ಎಷ್ಟು ದಪ್ಪ, ಛಾವಣಿ ಎಷ್ಟು ಎತ್ತರ, ಗಾಳಿಗೆ ಮೇಲೆ ಬೆಳಕಿಂಡಿ ಇವೆಯಾ, ಇದನ್ನೂ ಬರೆದುಕೊಳ್ಳಿ. ಫ್ಯಾನ್ ಇಲ್ಲದ ಕಾಲದಲ್ಲಿ ಕಲಬುರಗಿಯ ಮೇ ತಿಂಗಳು ತಡೆಯೋಕೆ ಕಟ್ಟಿದ್ದು ಯಾವುದು, ಆಮೇಲೆ ಟೆಂಡರ್ ಲೆಕ್ಕದಲ್ಲಿ ಕಟ್ಟಿದ್ದು ಯಾವುದು ಅಂತ ಒಳಗೆ ಕಾಲಿಟ್ಟ ಕೂಡಲೇ ಮೈಗೇ ಗೊತ್ತಾಗುತ್ತದೆ.

ಆಮೇಲೆ ಶಂಕುಸ್ಥಾಪನೆಯ ಕಲ್ಲು. ಪ್ರತಿ ಸಲ ಸುಣ್ಣ ಬಣ್ಣ ಹೊಡೆಯುವಾಗ ಪೇಂಟರ್ ಅದರ ಮೇಲೂ ಎಳೆದಿರುತ್ತಾನೆ, ಅಕ್ಷರ ಮುಚ್ಚಿಹೋಗಿರುತ್ತವೆ. ಕೆರೆಯಬೇಡಿ, ಚಾಕ್ ಹಚ್ಚಬೇಡಿ. ಸಂಜೆ ಹೊತ್ತು ಟಾರ್ಚನ್ನ ಕಲ್ಲಿನ ಒಂದು ಬದಿಗೆ ಒತ್ತಿ ಹಿಡಿದು, ಬೆಳಕು ಅಡ್ಡಡ್ಡ ಬೀಳುವ ಹಾಗೆ ಮಾಡಿ ಫೋಟೊ ತೆಗೆಯಿರಿ. ಕೊರೆದ ಅಕ್ಷರದ ನೆರಳು ಎದ್ದು ಬರುತ್ತದೆ. ಎಡದಿಂದ ಒಂದು, ಮೇಲಿನಿಂದ ಒಂದು, ಬಲದಿಂದ ಒಂದು. ಮೊಬೈಲ್ ಫ್ಲ್ಯಾಶ್ ಮಾತ್ರ ಬೇಡ, ಎದುರಿನಿಂದ ಬಿದ್ದರೆ ಎಲ್ಲಾ ಬಿಳಿಚಿ ಹೋಗುತ್ತದೆ.

ದಾನಿಗಳ ಕಲ್ಲು ಬಿಡಬೇಡಿ. ‘ದಿವಂಗತ ಇಂಥವರ ಸ್ಮರಣಾರ್ಥ’ ಅಂತ ವಾರ್ಡಿನ ಬಾಗಿಲ ಮೇಲೆ ಇರುತ್ತವೆ. ಅಡತಿ ವ್ಯಾಪಾರಿಗಳು, ಗಿರಣಿಯವರು, ವಕೀಲರು, ಯಾರು ಯಾವ ವಾರ್ಡಿಗೆ ಕೊಟ್ಟರು ಅಂತ ಪಟ್ಟಿ ಮಾಡಿದರೆ ಊರಿನ ದುಡ್ಡು ಯಾರ ಕೈಯಲ್ಲಿತ್ತು ಅನ್ನೋದೂ ತಾನಾಗೇ ಹೊರಬರುತ್ತದೆ.

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಅವರ ಹಿಂದೆ ಒಂದು ಮರದ ಬೋರ್ಡ್ ಇರುತ್ತದೆ. ಈವರೆಗೆ ಕೆಲಸ ಮಾಡಿದವರ ಹೆಸರು, ಎಂದಿನಿಂದ ಎಂದಿನವರೆಗೆ. ಫೋಟೊ ತೆಗೆದುಕೊಳ್ಳಿ, ಆದರೆ ಮೊದಲ ಹೆಸರನ್ನ ಆಸ್ಪತ್ರೆಯ ಮೊದಲ ಡಾಕ್ಟರ್ ಅಂತ ನಂಬಬೇಡಿ. ಬೋರ್ಡ್ ಬರೆಸಿದಾಗ ಯಾರಿಗೆ ಎಲ್ಲಿಯವರೆಗೆ ನೆನಪಿತ್ತೋ ಅಲ್ಲಿಂದ ಶುರುವಾಗಿರುತ್ತದೆ. ‘ಪ್ರಭಾರ’ ಅಂತ ಬರೆದ ಸಾಲುಗಳನ್ನ ಎಣಿಸಿ. ಪ್ರಭಾರದಲ್ಲೇ ವರ್ಷಗಟ್ಟಲೆ ನಡೆದಿದ್ದರೆ ಆ ಕಾಲದಲ್ಲಿ ಈ ಭಾಗಕ್ಕೆ ಬರೋಕೆ ಯಾರೂ ತಯಾರಿರಲಿಲ್ಲವಾ, ಅಥವಾ ಹುದ್ದೆ ತುಂಬುವ ಮನಸ್ಸೇ ಇರಲಿಲ್ಲವಾ ಅಂತ ವಿಚಾರಿಸಬೇಕು.

ಜನರನ್ನ ಕೇಳುವುದು

ಎಲ್ಲರೂ ನಿವೃತ್ತ ಡಾಕ್ಟರ್ ಹತ್ತಿರ ಹೋಗುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಡಾಕ್ಟರ್‌ಗಳಿಗೆ ವರ್ಗಾವಣೆ ಇರುತ್ತಿತ್ತು. ಒಂದೇ ಕಡೆ ಮೂವತ್ತು ವರ್ಷ ನೋಡಿದವರು ಬೇರೆ: ಸಿಸ್ಟರ್‌ಗಳು, ಕಾಂಪೌಂಡರ್, ಆಯಾ, ಆಂಬುಲೆನ್ಸ್ ಡ್ರೈವರ್, ಎಕ್ಸ್‌ರೇ ತೆಗೆಯುವವರು, ಗೇಟಿನ ಎದುರು ಚಹಾದ ಅಂಗಡಿ ಇಟ್ಟವರು, ಶವಾಗಾರದಲ್ಲಿ ದುಡಿದವರು. ಇವರ ಪೈಕಿ ಕೇರಳದಿಂದ ಬಂದು ಇಲ್ಲೇ ನೆಲೆ ನಿಂತ ಸಿಸ್ಟರ್‌ಗಳನ್ನ ತಪ್ಪಿಸಬೇಡಿ. ಹೊರಗಿನಿಂದ ಬಂದವರ ಕಣ್ಣಿಗೆ ಊರು ಬೇರೆ ಥರ ಕಂಡಿರುತ್ತದೆ.

‘ಯಾವ ಇಸವಿ?’ ಅಂತ ಕೇಳಿದರೆ ಯಾರಿಗೂ ಹೇಳೋಕೆ ಬರುವುದಿಲ್ಲ. ಘಟನೆ ಹಿಡಿದು ಕೇಳಿ. ರಜಾಕಾರರ ಹಾವಳಿಗೆ ಮೊದಲಾ ಆಮೇಲಾ? 72ರ ಬರದಾಗ ಆ ಬಿಲ್ಡಿಂಗ್ ಇತ್ತಾ? ಇಂದಿರಾ ಗಾಂಧಿ ತೀರಿಕೊಂಡಾಗ ನೀವು ಯಾವ ವಾರ್ಡ್‌ನಲ್ಲಿದ್ರಿ? ಕಿಲ್ಲಾರಿ ಭೂಕಂಪದ ದಿನ, ಅಂದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಡ್ಯೂಟಿ ಯಾರದಿತ್ತು? ಆ ಭೂಕಂಪ ನಮ್ಮ ಆಳಂದ ಕಡೆಯವರನ್ನೂ ಚೆನ್ನಾಗಿ ಅಲ್ಲಾಡಿಸಿತ್ತು, ಮರೆತವರು ಕಡಿಮೆ. 2009ರ ಭೀಮಾ ಪ್ರವಾಹ ಆಮೇಲಿನ ಗುರುತುಗಲ್ಲು.

ಕೇಳುವ ರೀತಿಯೂ ಮುಖ್ಯ. ಆಯಾಗಳ ಮನೆಗೆ ಹೋಗಿ ನಿಂತು ‘ನಿಮ್ಮ ಅನುಭವ ಹಂಚಿಕೊಳ್ಳಿ’ ಅಂದರೆ ಅವರು ಗಾಬರಿಯಾಗುತ್ತಾರೆ. ‘ಯವ್ವಾ, ನೀ ಡ್ಯೂಟಿಗೆ ಬಂದ ಹೊಸದ್ರಾಗ ಹೆರಿಗಿ ವಾರ್ಡ್ ಎಲ್ಲಿತ್ತು?’ ಅಂತ ಕೇಳಿ. ಜಾಗದಿಂದ ಶುರು ಮಾಡಿದರೆ ಮಾತು ತಾನೇ ಹರಿಯುತ್ತದೆ. ನೀರು ಎಲ್ಲಿಂದ ತರ್ತಿದ್ರಿ, ಕರೆಂಟ್ ಹೋದರೆ ಆಪರೇಷನ್ ಹೇಗೆ, ಪೇಷಂಟ್ ಕಡೆಯವರು ಅಡುಗೆ ಎಲ್ಲಿ ಮಾಡ್ಕೊತಿದ್ರು, ರಕ್ತ ಬೇಕಾದರೆ ಯಾರನ್ನ ಕರೀತಿದ್ರು. ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಂದ ತಾಳೆ ನೋಡದೆ ಬರೆಯಬೇಡಿ. ಎರಡು ಬೇರೆ ಬೇರೆ ಇದ್ದರೆ ಎರಡನ್ನೂ ಬರೆಯಿರಿ.

ಮನೆಗಳಲ್ಲಿ ಹಳೇ ಜನನ ಪ್ರಮಾಣಪತ್ರ ಇರುತ್ತವೆ, ಅದರಲ್ಲಿ ಹುಟ್ಟಿದ ಜಾಗ ಇರುತ್ತದೆ. ನಿಮ್ಮ ನೆಂಟರಿಷ್ಟರಲ್ಲೇ ಮೂರು ತಲೆಮಾರು ಎಲ್ಲಿ ಹುಟ್ಟಿದರು ಅಂತ ಬರೆದು ನೋಡಿ. ಅಜ್ಜಿ ಊರಲ್ಲಿ ಸೂಲಗಿತ್ತಿಯ ಕೈಯಲ್ಲಿ, ಅಪ್ಪ ತಾಲ್ಲೂಕಿನ ದವಾಖಾನೆಯಲ್ಲಿ, ನೀವು ಕಲಬುರಗಿಯಲ್ಲಿ. ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆ 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 65ರ ಆಸುಪಾಸಿದ್ದದ್ದು ಹತ್ತು ವರ್ಷದ ನಂತರದ ಸಮೀಕ್ಷೆಯಲ್ಲಿ ಶೇ 94ಕ್ಕೆ ಹೋಗಿತ್ತು. ಆ ಹತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಏನು ಗದ್ದಲ ಇದ್ದಿರಬೇಕು ಅಂತ ಆಗ ಅಲ್ಲಿದ್ದ ಸಿಸ್ಟರ್‌ರನ್ನ ಕೇಳಿ.

ಆರ್‌ಟಿಐ ಹಾಕುವಾಗ

ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲೇಬೇಕು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಕಥೆ ಹೇಳಬೇಡಿ. ಹೀಗೆ ಬರೆಯಿರಿ: ‘ಜಿಲ್ಲಾಸ್ಪತ್ರೆಗೆ ಮಂಜೂರಾದ ಹಾಸಿಗೆಗಳ ಸಂಖ್ಯೆಯನ್ನು ಬದಲಾಯಿಸಿದ ಎಲ್ಲಾ ಸರ್ಕಾರಿ ಆದೇಶಗಳ ಪ್ರತಿಗಳನ್ನು ಒದಗಿಸಿ.’ ಇಷ್ಟೇ. ‘ಯಾಕೆ ಹೆಚ್ಚಿಸಲಿಲ್ಲ’ ಅಂತ ಕೇಳಿದರೆ ‘ಮಾಹಿತಿ ಲಭ್ಯವಿಲ್ಲ’ ಅಂತ ವಾಪಸ್ ಬರುತ್ತದೆ, ಯಾಕೆಂದರೆ ಕಡತದಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು. ಮೊದಲು ಕಡತಗಳ ಪಟ್ಟಿ ಕೇಳಿ, ಆಮೇಲೆ ಬೇಕಾದ ಕಡತ ಕೇಳಿ.

ಒಂದು ಅರ್ಜಿ ಸಾಲದು. ಜಿಲ್ಲಾಸ್ಪತ್ರೆ ಹಿಂದೆ ಆರೋಗ್ಯ ಇಲಾಖೆಯ ಕೈಯಲ್ಲಿತ್ತು, ಮೆಡಿಕಲ್ ಕಾಲೇಜು ಬಂದಮೇಲೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಹೋಯಿತು. ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡೆ ಇದೇ ಆಗಿದೆ. ಹಳೇ ಕಾಗದ ಒಂದು ಕಡೆ, ಹೊಸದು ಇನ್ನೊಂದು ಕಡೆ. ಕಟ್ಟಡದ್ದು ಲೋಕೋಪಯೋಗಿ ಇಲಾಖೆಯಲ್ಲಿ. ಈಚಿನ ದುಡ್ಡಿನ ಲೆಕ್ಕ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ.

ಹಳೇ ಕೇಸ್ ಶೀಟ್ ಸಿಗುತ್ತವೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕು ಅನ್ನೋದು ವೈದ್ಯಕೀಯ ಮಂಡಳಿಯ 2002ರ ನಿಯಮ. ಅದು ಮುಗಿದರೆ ರದ್ದಿಗೆ ಹೋಗಬಹುದು. ಉಳಿದಿದ್ದರೂ ರೋಗಿಯ ಹೆಸರು ನಿಮಗೆ ಬೇಡ. ಎಷ್ಟು ಜನ, ಯಾವ ಊರಿನವರು, ಯಾವ ಕಾಯಿಲೆ, ಅಷ್ಟು ಸಾಕು. ವಾರ್ಡಿನಲ್ಲಿ ರೋಗಿಗಳ ಮುಖ ಬರುವ ಹಾಗೆ ಫೋಟೊ ತೆಗೆಯುವವರನ್ನ ಕಂಡರೆ ನನಗೆ ಸಿಟ್ಟು ಬರುತ್ತದೆ, ನೀವಂತೂ ಮಾಡಬೇಡಿ.

ಅಂಕಿ ಹಿಡಿದು ಬರೆಯುವುದು

‘750 ಹಾಸಿಗೆಯ ಆಸ್ಪತ್ರೆ’ ಅಂತ ಬೋರ್ಡಿನಲ್ಲಿದ್ದರೆ ಮೂರು ಪ್ರಶ್ನೆ ಕೇಳಿ. ಮಂಜೂರಾದದ್ದು ಎಷ್ಟು? ನಿಜವಾಗಿ ಹಾಕಿರುವ ಮಂಚ ಎಷ್ಟು? ಅಷ್ಟು ಹಾಸಿಗೆಗೆ ಬೇಕಾದ ಸಿಸ್ಟರ್‌ಗಳ ಹುದ್ದೆಯಲ್ಲಿ ತುಂಬಿದ್ದು ಎಷ್ಟು? ಮೂರನೆಯದು ಸಿಗುವುದು ಕಷ್ಟ, ಆದರೆ ಅದೇ ಬೇಕಾದ್ದು. ಮಂಚ ಟೆಂಡರಿನಲ್ಲಿ ಬರುತ್ತದೆ, ಸಿಸ್ಟರ್ ಬರುವುದಿಲ್ಲ.

ಈ ಕೊರತೆಯ ಹಿನ್ನೆಲೆಗೆ, ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಓದಿ. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮಿಗೆ ಹೋರಾಡಿದವರ ಕೈಯಲ್ಲಿ ಈ ವರದಿ ಇತ್ತು. 2012ರ ಕೊನೆಗೆ ಸಂಸತ್ತು ಆ ತಿದ್ದುಪಡಿ ಒಪ್ಪಿತು, ಮಂಡಳಿ ಬಂತು, ದುಡ್ಡು ಬಂತು, ಮೆಡಿಕಲ್ ಸೀಟುಗಳಲ್ಲಿ ಇಲ್ಲಿನ ಮಕ್ಕಳಿಗೆ ಮೀಸಲು ಬಂತು. ಜಯದೇವ ಹೃದ್ರೋಗ ಸಂಸ್ಥೆ ಕೆಲವು ವರ್ಷ ಜಿಮ್ಸ್ ಆವರಣದಲ್ಲೇ ನಡೆದು, 2024ರ ಡಿಸೆಂಬರಿನಲ್ಲಿ ಸ್ವಂತ ಕಟ್ಟಡಕ್ಕೆ ಬಂತು. ಹಾಸಿಗೆ ಎಷ್ಟು ಗೊತ್ತಾ? 371. ಕಲಮಿನ ನೆನಪಿಗೇ ಆ ಸಂಖ್ಯೆ ಇಟ್ಟರು.

ಇದಕ್ಕೂ ಮೊದಲು ನಡೆದ ಒಂದು ಸಂಗತಿ ಎಷ್ಟೋ ಬರಹಗಳಲ್ಲಿ ಬಿಟ್ಟುಹೋಗುತ್ತದೆ. ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಆಪರೇಷನ್ ಪುಕ್ಕಟೆ ಮಾಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ, 2010ರ ಫೆಬ್ರವರಿಯಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಮಿದುಳಿನ ಚಿಕಿತ್ಸೆ ಅದರಲ್ಲಿತ್ತು. ಕಟ್ಟಡ ಇಲ್ಲದೆಯೂ ಒಂದು ಊರಿನ ರೋಗಿಯ ದಾರಿ ಬದಲಾಗಬಹುದು, ಕಾರ್ಡೊಂದು ಸಾಕು. 2008ರ ನವೆಂಬರ್ 1ಕ್ಕೆ ಬಂದ 108 ಆಂಬುಲೆನ್ಸ್ ಕೂಡ ಹಾಗೇ, 2017ರಲ್ಲಿ ಓಡಲು ಶುರುವಾದ ಬೀದರ್–ಕಲಬುರಗಿ ರೈಲು ಕೂಡ ಹಾಗೇ. ಇವು ಆಸ್ಪತ್ರೆಯ ಗೇಟಿನ ಹೊರಗಿನವು, ಆದರೂ ನಿಮ್ಮ ಬರಹದ ಒಳಗೆ ಬರಬೇಕು.

ಕೊನೆಗೆ ಬರೆಯೋಕೆ ಕೂತಾಗ ಇಸವಿ ಪ್ರಕಾರ ಜೋಡಿಸಬೇಡಿ, ಸಪ್ಪೆಯಾಗುತ್ತದೆ. ಕಾಯಿಲೆ ಪ್ರಕಾರ ಜೋಡಿಸಿ ನೋಡಿ. ಹೆರಿಗೆಗೆ ಒಂದು ಅಧ್ಯಾಯ, ಹಾವು ಕಡಿತಕ್ಕೆ ಒಂದು, ಎದೆನೋವಿಗೆ ಒಂದು, ಅಪಘಾತಕ್ಕೆ ಒಂದು. ಪ್ರತಿಯೊಂದರಲ್ಲೂ ‘ಆಗ ಎಲ್ಲಿಗೆ ಒಯ್ಯುತ್ತಿದ್ದರು, ಯಾವಾಗಿನಿಂದ ಇಲ್ಲೇ ಉಳಿದರು, ಈಗಲೂ ಯಾಕೆ ಕೆಲವರು ಹೋಗುತ್ತಾರೆ’. ಮಂತ್ರಿಗಳ ಹೆಸರು ಅಡಿಟಿಪ್ಪಣಿಗೆ ಸಾಕು.

ಅಚ್ಚಿಗೆ ಕೊಡುವ ಮೊದಲು ಕರಡನ್ನ ಒಬ್ಬ ಹಳೇ ಸಿಸ್ಟರ್‌ಗೆ, ಒಬ್ಬ ಡಾಕ್ಟರ್‌ಗೆ ಓದಿಸಿ, ಓದೋಕೆ ಕಣ್ಣು ಸರಿಯಿಲ್ಲದಿದ್ದರೆ ನೀವೇ ಓದಿ ಹೇಳಿ. ರೆಕಾರ್ಡ್ ಮಾಡಿದ ಮಾತುಗಳನ್ನ, ಕಲ್ಲಿನ ಫೋಟೊಗಳನ್ನ, ಆರ್‌ಟಿಐ ಉತ್ತರಗಳನ್ನ ಒಂದು ಪೆನ್ ಡ್ರೈವಿಗೆ ಹಾಕಿ, ಯಾವುದು ಯಾವಾಗಿನದು, ಯಾರು ಹೇಳಿದ್ದು ಅಂತ ಫೈಲಿನ ಹೆಸರಲ್ಲೇ ಬರೆದು, ಒಂದು ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ, ಇನ್ನೊಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಕೊಡಿ. ಕೊಟ್ಟಿದ್ದಕ್ಕೆ ರಸೀದಿ ಇಸಿದುಕೊಳ್ಳಿ.